ಹಾರ್ಡ್ ಡಿಸ್ಕ್ ಹೋಯ್ತು ಅನ್ನೋ ಮೊದಲು 199 ನೋಡಿ
ಫೈಲ್ ಕಾಪಿ ಅರ್ಧಕ್ಕೇ ನಿಲ್ತಿದ್ರೆ, ಸಿಸ್ಟಮ್ ಆಗಾಗ ಹ್ಯಾಂಗ್ ಆಗ್ತಿದ್ರೆ, ಡಿಸ್ಕ್ ಬದಲಿಸೋ ಮೊದಲು ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳೋ ಲೆಕ್ಕ) 199ನೇ ಸಾಲು ನೋಡಿ (ಈ ಪಟ್ಟಿ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅದು ಸಿ7 ಅಂತ ಇರುತ್ತೆ). ಅಲ್ಲಿನ ಸಂಖ್ಯೆ ಏರ್ತಾ ಇದ್ದು, 5 ಮತ್ತು 197ನೇ ಸಾಲುಗಳು ಸೊನ್ನೆಯಲ್ಲೇ ಇದ್ರೆ, ಮೊದಲು ಸಾಟಾ ಕೇಬಲ್ (ಡಿಸ್ಕನ್ನ ಮದರ್‌ಬೋರ್ಡ್‌ಗೆ ಜೋಡಿಸೋ ಕೇಬಲ್) ಬದಲಾಯಿಸಿ. 199 ಎಣಿಸೋದು ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವಿನ ದಾರಿಯಲ್ಲಿ ಕೆಟ್ಟ ಡೇಟಾವನ್ನ. ಡಿಸ್ಕ್ ಒಳಗಿನ ತಟ್ಟೆಯ ಮೇಲೆ ಹಾಳಾದ ಸೆಕ್ಟರ್‌ಗಳ (ಡೇಟಾ ಇರೋ ಚಿಕ್ಕ ಚಿಕ್ಕ ಜಾಗಗಳು) ಲೆಕ್ಕ ಸಿಗೋದು 5 ಮತ್ತು 197ರಲ್ಲಿ. ಒಂದು ಮಾತು: ಕೇಬಲ್ ಹೊಸದಾದ್ರೂ 199 ಮತ್ತೆ ಸೊನ್ನೆಗೆ ಇಳಿಯಲ್ಲ. ಈಗಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅಲ್ಲೇ ನಿಂತರೆ ಸರಿಹೋಯ್ತು ಅಂತಲೇ ಅರ್ಥ. ಯುಎಸ್‌ಬಿ ಡಿಸ್ಕ್‌ಗಳಲ್ಲಿ ಕೆಲವು ಸಲ ಸ್ಮಾರ್ಟ್ ಪಟ್ಟಿಯೇ ಕಾಣಲ್ಲ, ಅಲ್ಲಿ ಈ ಉಪಾಯ ನಡೆಯಲ್ಲ. 197 ಏರ್ತಿದ್ರೆ ತಪ್ಪು ಡಿಸ್ಕ್‌ನದ್ದೇ. ಆಗ ದಯವಿಟ್ಟು ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಸೋತ ಡಿಸ್ಕ್ ಮೇಲೆ ಬರೆಯೋಕೆ ಹೋಗಿ ಉಳಿದಿದ್ದನ್ನೂ ಕೆಡಿಸಬಹುದು. ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನೋ ಕಾಪಿ ಟೂಲ್‌ನಿಂದ ಇನ್ನೊಂದು ಡಿಸ್ಕ್‌ಗೆ ಪೂರ್ತಿ ಇಮೇಜ್ (ಇಡೀ ಡಿಸ್ಕ್‌ನ ನಕಲು) ತೆಗೆದು, ಫೈಲ್ ಹುಡುಕಾಟವೆಲ್ಲ ಆ ಇಮೇಜ್‌ನಲ್ಲೇ ಮಾಡಿ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರ್ತಿದ್ರೆ ಇದ್ಯಾವುದೂ ಬೇಡ, ತಕ್ಷಣ ಪವರ್ ತೆಗೆದು ಡೇಟಾ ರಿಕವರಿಯವರಿಗೆ ಕೊಡಿ.