ವಾರ್ಡಿನ ಪ್ರಶ್ನೆಗೆ ಹೊತ್ತಿಗೆ ಸರಿಯಾಗಿ ಉತ್ತರ: ಆಸ್ಪತ್ರೆಯ ಗ್ರಂಥಾಲಯ ನಡೆಸುವ ಬಗೆ

ಆಸ್ಪತ್ರೆಯ ಗ್ರಂಥಾಲಯದ ಹೊಣೆ ವಹಿಸಿಕೊಂಡವರು ಮೊದಲು ಮಾಡಬೇಕಾದದ್ದು ಹೊಸ ಪುಸ್ತಕಗಳ ಪಟ್ಟಿಯನ್ನಲ್ಲ; ಕಪಾಟಿನಲ್ಲಿ ಇರಬಾರದ ಪುಸ್ತಕಗಳನ್ನು ಹೊರತೆಗೆಯಬೇಕು. ಸಾಹಿತ್ಯದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಕ್ಕೆ ಬೆಲೆ ಹೆಚ್ಚು, ಇಲ್ಲಿ ಅದೇ ರೋಗಿಗೆ ಅಪಾಯ ತರಬಲ್ಲದು. ಕ್ಷಯರೋಗಕ್ಕೆ ವಾರದಲ್ಲಿ ಮೂರು ದಿನ ಮಾತ್ರೆ ಕೊಡುತ್ತಿದ್ದ ಕ್ರಮವನ್ನು ಬಿಟ್ಟು, 2017ರಲ್ಲಿ ನಮ್ಮ ರಾಷ್ಟ್ರೀಯ ಕಾರ್ಯಕ್ರಮವು ದಿನವೂ ಕೊಡುವ ಕ್ರಮಕ್ಕೆ ಬಂದಿತು. ಅದಕ್ಕೂ ಹಿಂದಿನ ಕೈಪಿಡಿ ಇಂದಿಗೂ ಕೈಗೆಟಕುವ ಸಾಲಿನಲ್ಲಿದ್ದರೆ, ರಾತ್ರಿ ಪಾಳಿಯ ಕಿರಿಯ ವೈದ್ಯರು ಅದನ್ನೇ ನಂಬಿ ತೆರೆಯಬಹುದು. ಆದ್ದರಿಂದ ಆಯಾ ವಿಭಾಗದ ಮುಖ್ಯಸ್ಥರನ್ನು ಕರೆತಂದು, ಅವರ ಎದುರಿಗೇ ಒಂದೊಂದು ಪುಸ್ತಕದ ಆವೃತ್ತಿ ಮತ್ತು ಇಸವಿಯನ್ನು ನೋಡಿ ಬೇರ್ಪಡಿಸಿ. ಗ್ರಂಥಾಲಯ ಸಮಿತಿಯ ಒಪ್ಪಿಗೆ ಪಡೆದು, ಗ್ರಂಥಾಲಯಕ್ಕೆ ಸೇರಿದ ಪುಸ್ತಕಗಳನ್ನೆಲ್ಲ ಕ್ರಮಸಂಖ್ಯೆಯಂತೆ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ನಮೂದಿಸುವ ತನಕ ಯಾವುದನ್ನೂ ವಿಲೇವಾರಿ ಮಾಡಬಾರದು. ಅಲ್ಲಿಯವರೆಗೆ ‘ಚಿಕಿತ್ಸೆಗೆ ಬಳಸಬೇಡಿ’ ಎಂಬ ಕೆಂಪು ಚೀಟಿ ಅಂಟಿಸಿ ಬೀರುವಿನಲ್ಲಿ ಬೀಗ ಹಾಕಿಡಿ.

ಉಳಿದವನ್ನು ಜೋಡಿಸುವುದಕ್ಕೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವರ್ಗೀಕರಣವೇ ಅನುಕೂಲ. ಅದರಲ್ಲಿ ಔಷಧಶಾಸ್ತ್ರಕ್ಕೆ ಕ್ಯುವಿ, ಮಕ್ಕಳ ವಿಭಾಗಕ್ಕೆ ಡಬ್ಲ್ಯುಎಸ್, ಶುಶ್ರೂಷೆಗೆ ಡಬ್ಲ್ಯುವೈ ಎಂದು ದೇಹಭಾಗ ಮತ್ತು ವಿಭಾಗಗಳ ಪ್ರಕಾರವೇ ಅಕ್ಷರಗಳಿವೆ. ಕ್ಯಾಟಲಾಗಿಗೆ ಉಚಿತ ತಂತ್ರಾಂಶವಾದ ಕೋಹಾ ಸಾಕು. ಔಷಧ ಪ್ರಮಾಣ ಮತ್ತು ತುರ್ತು ಚಿಕಿತ್ಸೆಯ ಪುಸ್ತಕಗಳು ಬಾಗಿಲ ಬಳಿಯೇ ಇರಲಿ, ಅವನ್ನು ಮನೆಗೆ ಎರವಲು ಕೊಡಬೇಡಿ.

ಜರ್ನಲ್‌ಗಳಿಗೆ ಹಣ ತೆರುವ ಮುನ್ನ, ಈಗಾಗಲೇ ನಿಮಗೆ ಹಕ್ಕಿರುವುದನ್ನು ತಿಳಿದುಕೊಳ್ಳಿ. ಆಸ್ಪತ್ರೆಯು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನದಾದರೆ, 2003ರಲ್ಲಿ ಆರಂಭವಾದ ಡಿಜಿಟಲ್ ಗ್ರಂಥಾಲಯ ಜಾಲವಾದ ಹೆಲಿನೆಟ್ ಇದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2025ರ ಜನವರಿಯಿಂದ ಕೇಂದ್ರದ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆಯೂ ಬಂದಿದೆ. ಕಾಲೇಜಿನ ನಂಟಿಲ್ಲದ ತಾಲ್ಲೂಕು ಆಸ್ಪತ್ರೆಗೆ, ವೈದ್ಯಕೀಯ ಲೇಖನಗಳನ್ನು ಹುಡುಕುವ ಉಚಿತ ಜಾಲತಾಣವಾದ ಪಬ್‌ಮೆಡ್ ಇದ್ದೇ ಇದೆ. ಅದರಲ್ಲಿ ಸಿಗುವುದು ಹೆಚ್ಚಾಗಿ ಸಾರಾಂಶ, ಪೂರ್ಣ ಲೇಖನಕ್ಕೆ ಪಬ್‌ಮೆಡ್ ಸೆಂಟ್ರಲ್ ನೋಡಬೇಕು.

ಈ ಕೆಲಸದ ತಿರುಳು ಇರುವುದು ವಾರ್ಡಿನಿಂದ ಬರುವ ಪ್ರಶ್ನೆಯಲ್ಲಿ. ಬೆಂಗಳೂರಿನಲ್ಲಿ ನೆಲೆಸಿದ್ದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಬೇಕೆನ್ನುವುದು, ಬೇರೆಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಒಪ್ಪುತ್ತದೆ ಎಂದು ನಾನು ನಂಬಿದ್ದೇನೆ. ಪ್ರಶ್ನೆ ಬಂದ ಕೂಡಲೇ ರಿಜಿಸ್ಟರಿನಲ್ಲಿ ಕೇಳಿದವರು ಯಾರು, ಎಷ್ಟು ಹೊತ್ತಿಗೆ ಕೇಳಿದರು, ಉತ್ತರ ಯಾವಾಗ ಬೇಕು ಎಂದು ಬರೆದುಕೊಳ್ಳಿ. ರೋಗಿಯ ವಯಸ್ಸು ಮತ್ತು ಸ್ಥಿತಿ ಸಾಕು, ಹೆಸರು ಬೇಡ. ಅನಂತರ, ಯಾವ ರೋಗಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲ ಬಯಸಿ ಕೇಳುತ್ತಿದ್ದಾರೆ ಎಂಬ ನಾಲ್ಕನ್ನು ಬಿಡಿಸಿ ಕೇಳಿ. ‘ಮಂಗನ ಕಾಯಿಲೆ ಬಗ್ಗೆ ಏನಾದರೂ ಕೊಡಿ’ ಎಂದವರಿಗೆ ನಿಜವಾಗಿ ಬೇಕಾಗಿರುವುದು ಗರ್ಭಿಣಿಯೊಬ್ಬರಲ್ಲಿ ಆ ಜ್ವರದ ನಿರ್ವಹಣೆ ಆಗಿರಬಹುದು.

ಹುಡುಕುವಾಗ ಪದದ ಆಯ್ಕೆಯೇ ಮುಖ್ಯ. ‘ಮಂಕಿ’, ‘ಫೀವರ್’ ಎಂದು ಟೈಪ್ ಮಾಡಿದರೆ ಪ್ರಯೋಗಾಲಯದ ಕೋತಿಗಳ ಅಧ್ಯಯನಗಳೂ ಬಂದು ರಾಶಿ ಬೀಳುತ್ತವೆ. ಸೊರಬ ತಾಲ್ಲೂಕಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ರೋಗಕ್ಕೆ ಪಬ್‌ಮೆಡ್‌ನ ವಿಷಯಶೀರ್ಷಿಕೆಗಳ ಪಟ್ಟಿಯಾದ ‘ಮೆಶ್’ನಲ್ಲಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎಂಬ ಶೀರ್ಷಿಕೆ ಇದೆ. ಅದನ್ನು ಆರಿಸಿ, ಅದಕ್ಕೆ ಗರ್ಭಧಾರಣೆಯ ಶೀರ್ಷಿಕೆಯನ್ನು ಸೇರಿಸಿದರೆ, ಸಿಗುವುದು ಕೆಲವೇ ಆದರೂ ವಿಷಯಕ್ಕೆ ಸಂಬಂಧಪಟ್ಟದ್ದಾಗಿರುತ್ತದೆ. ಏನೂ ಸಿಗದಿದ್ದರೆ, ಎಲ್ಲೆಲ್ಲಿ ಯಾವ ಪದಗಳಿಂದ ಹುಡುಕಿದಿರಿ ಎಂಬುದನ್ನು ಬರೆದು ಕೊಡಿ. ವೈದ್ಯರಿಗೆ ಅದೂ ಉಪಯುಕ್ತ ಮಾಹಿತಿಯೇ.

ಲೇಖನ ಕಳುಹಿಸುವ ಮುನ್ನ, ಪ್ರಕಟಿಸಿದ ಜರ್ನಲೇ ಅದನ್ನು ನಂಬಲರ್ಹವಲ್ಲವೆಂದು ಹಿಂಪಡೆದಿದೆಯೇ ಎಂದು ತಪ್ಪದೆ ಪರೀಕ್ಷಿಸಿ. ದಡಾರ, ಮಂಗಬಾವು ಮತ್ತು ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲೇಖನ 1998ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು, ಅದನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರಲ್ಲಿ. ಆ ಹನ್ನೆರಡು ವರ್ಷಗಳ ನಡುವೆ ಫೋಟೊಕಾಪಿಯಾಗಿ ಫೈಲು ಸೇರಿದ ಪ್ರತಿಯ ಮೇಲೆ ಯಾವ ಎಚ್ಚರಿಕೆಯೂ ಇರುವುದಿಲ್ಲ. ಹಾಗಾಗಿ ಫೈಲಿನ ಪ್ರತಿಯನ್ನು ಕೊಡದೆ, ಪ್ರತಿ ಬಾರಿಯೂ ಮೂಲವನ್ನೇ ತೆರೆದು ನೋಡಬೇಕು.

ಗ್ರಂಥಾಲಯವೆಂದರೆ ವೈದ್ಯರಿಗೆ ಮಾತ್ರ ಎಂಬ ರೂಢಿಯನ್ನು ಬಿಡಬೇಕು. ಔಷಧವನ್ನು ಸಿರಿಂಜಿಗೆ ಎಳೆಯುವವರು ಸ್ಟಾಫ್ ನರ್ಸ್‌ಗಳು. ಪಾಳಿ ಬಿಟ್ಟು ಮೇಲಿನ ಮಹಡಿಗೆ ಬರಲು ಅವರಿಗೆ ಆಗುವುದಿಲ್ಲ. ವಾರಕ್ಕೊಮ್ಮೆ ನೀವೇ ವಾರ್ಡಿಗೆ ಹೋಗಿ ಅವರ ಪ್ರಶ್ನೆಗಳನ್ನು ಕೇಳಿ ಬನ್ನಿ. ರೋಗಿಯ ಮನೆಯವರು ಬಂದರೆ ಆರೋಗ್ಯ ಇಲಾಖೆಯ ಕನ್ನಡ ಕರಪತ್ರಗಳನ್ನು ಕೊಡಿ, ಆದರೆ ‘ಈ ಮಾತ್ರೆ ನಿಲ್ಲಿಸಬಹುದಾ ಸಾರ್?’ ಎಂಬ ಪ್ರಶ್ನೆಯನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೇ ದಾಟಿಸಿ.

ಇನ್ನು ರಾತ್ರಿಯ ವ್ಯವಸ್ಥೆ. ಸಂಜೆ ಐದಕ್ಕೆ ಬೀಗ ಹಾಕಿ ಕೀಲಿಯನ್ನು ಮನೆಗೆ ಒಯ್ಯಬೇಡಿ. ಅಧೀಕ್ಷಕರ ಲಿಖಿತ ಅನುಮತಿ ಪಡೆದು ಒಂದು ಕೀಲಿಯನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿಡಿ, ಪಕ್ಕದಲ್ಲೇ ಸಹಿ ಪುಸ್ತಕವೂ ಇರಲಿ. ಬೆಳಿಗ್ಗೆ ಬಂದು ಮೊದಲು ಆ ಪುಸ್ತಕವನ್ನು ನೋಡಿದರೆ, ರಾತ್ರಿ ಯಾರು ಏನನ್ನು ಹುಡುಕಿಕೊಂಡು ಬಂದಿದ್ದರು, ಮುಂದಿನ ಖರೀದಿಯಲ್ಲಿ ಏನು ಸೇರಬೇಕು ಎಂಬುದು ಅಲ್ಲಿಯೇ ಸಿಗುತ್ತದೆ.