ಹಳೆಯ ಮೋಟಾರ್‌ಹೋಮ್‌ನ ಫರ್ನೇಸ್ ಹೊತ್ತಿಕೊಳ್ಳುತ್ತಿಲ್ಲವೇ? ಮೊದಲು ಬ್ಯಾಟರಿ ನೋಡಿ

ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಮೋಟಾರ್‌ಹೋಮ್, ಅಂದರೆ ಮನೆಯಂತಹ ಗಾಡಿಯೊಳಗೆ ಮಲಗುವವರಿಗೆ ಒಂದು ಸಲಹೆ. ಒಳಗೆ ಬೆಚ್ಚಗಿಡುವ ಗ್ಯಾಸ್ ಹೀಟರೇ ಈ ಫರ್ನೇಸ್. ಅದರ ಫ್ಯಾನ್ ಗುಯ್ ಎನ್ನುತ್ತದೆ, ಬೆಂಕಿ ಮಾತ್ರ ಹೊತ್ತುವುದಿಲ್ಲ. ನನ್ನದೂ ಹಾಗೇ ಆಗಿತ್ತು. ಮೆಕ್ಯಾನಿಕ್ ಒಬ್ಬರು ನೋಡಿದ ಕೂಡಲೇ "ಬೆಂಕಿ ಹೊತ್ತಿಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, ಹೊಸದು ಹಾಕಿಸಿ" ಎಂದರು. ಬೋರ್ಡ್ ಸರಿಯಾಗೇ ಇತ್ತು!

ಈ ಫರ್ನೇಸ್‌ಗಳಲ್ಲಿ ಸೇಲ್ ಸ್ವಿಚ್ ಎಂಬ ತೆಳು ತಗಡಿನ ರೆಕ್ಕೆ ಇರುತ್ತದೆ. ಫ್ಯಾನಿನ ಗಾಳಿ ಅದನ್ನು ತಳ್ಳಿದರಷ್ಟೇ ಗ್ಯಾಸ್ ಬಿಡುತ್ತದೆ. 12 ವೋಲ್ಟ್ ಬ್ಯಾಟರಿ ಸೊರಗಿದ್ದರೆ ಫ್ಯಾನ್ ನಿಧಾನವಾಗುತ್ತದೆ, ರೆಕ್ಕೆ ಏಳುವುದಿಲ್ಲ. ಹಾಗಾಗಿ ಫ್ಯಾನ್ ಓಡುವಾಗಲೇ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದು ನೋಡಿ. ನನ್ನ ರೆಕ್ಕೆಗೆ ಧೂಳು, ನಾಯಿಕೂದಲು ಮೆತ್ತಿತ್ತು. ಹಳೆ ಟೂತ್‌ಬ್ರಷ್ ಸಾಕಾಯಿತು.

ಆಮೇಲೆ ಹೊರಗಿನ ಹೊಗೆ ಕೊಳವೆ. ಮಳೆಗಾಲವಿಡೀ ಗಾಡಿ ತೋಟದ ಶೆಡ್ಡಿನಲ್ಲಿ ನಿಂತಿತ್ತಲ್ವಾ, ಕುಂಬಾರ ಹುಳ ಒಳಗೆ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದಾದರೆ ಆ ಫರ್ನೇಸ್‌ಗೆಂದೇ ಮಾಡಿದ್ದು ಹಾಕಿ. ಸೊಳ್ಳೆ ಪರದೆ ಕತ್ತರಿಸಿ ಕಟ್ಟಬೇಡಿ.

ಒಂದು ವಿಷಯದಲ್ಲಿ ಜುಗ್ಗತನ ಬೇಡ. ಹೀಟ್ ಎಕ್ಸ್‌ಚೇಂಜರ್ (ಬೆಂಕಿಯ ಹೊಗೆಯನ್ನು ಒಳಗಿನ ಗಾಳಿಯಿಂದ ಬೇರೆ ಇಡುವ ಲೋಹದ ಡಬ್ಬಿ) ಬಿರುಕು ಬಿಟ್ಟಿದ್ದರೆ ಅಥವಾ ತುಕ್ಕು ತಿಂದು ತೂತಾಗಿದ್ದರೆ ಬೆಸುಗೆ ಹಾಕಿಸಬೇಡಿ, ಬದಲಾಯಿಸಿ. ಅಲ್ಲಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ ಒಂದನ್ನು ಮಲಗುವ ಜಾಗದ ಹತ್ತಿರ ಇಡಿ. ಗ್ಯಾಸ್ ಜೋಡಣೆ ಬಿಚ್ಚಿದ್ದರೆ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರನ್ನು ಗಾಡಿ ಹತ್ತಿರವೇ ಸೇರಿಸಬೇಡಿ.