ಅಟ್ಟದ ತೊಲೆ ಜಗ್ಗದ ಹಾಗೆ ಮಾಡಿದ್ದು

ಸಾಗರದ ಹತ್ತಿರ ಒಂದು ಹಳೇ ಮನೆ. ಅಡಿಕೆ ಚೀಲ ಇಡುವ ಅಟ್ಟದ ಮರದ ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಕಬ್ಬಿಣದ ತೊಲೆ ಹಾಕಿಕೊಡಿ ಅಂತ ನನ್ನನ್ನು ಕರೆದರು. ಗೋಡೆಯಿಂದ ಗೋಡೆಗೆ 4 ಮೀಟರ್, ತೊಲೆಯಿಂದ ತೊಲೆಗೆ ಒಂದೂವರೆ ಮೀಟರ್.

ಚೀಲ ಹೇಗೆ ಪೇರಿಸುತ್ತೀರಿ ಅಂತ ಯಜಮಾನರನ್ನು ಕೇಳಿದೆ. "ಮಲಗಿಸಿ ಎರಡು ಸಾಲು, ಅಷ್ಟೇ" ಅಂದರು. ಹಲಗೆಯ ತೂಕವನ್ನೂ ಸೇರಿಸಿ ಚದರ ಮೀಟರ್‌ಗೆ 500 ಕಿಲೋ ಹಿಡಿದೆ. ಅಂದರೆ ತೊಲೆಯ ಪ್ರತಿ ಮೀಟರ್‌ಗೆ 750 ಕಿಲೋ. ನಡುವಿನಲ್ಲಿ ಬೆಂಡಿಂಗ್ ಮೊಮೆಂಟ್, ಅಂದರೆ ಹೊರೆ ತೊಲೆಯನ್ನು ಬಗ್ಗಿಸುವ ಪ್ರಮಾಣ, 15 ಕಿಲೋನ್ಯೂಟನ್ ಮೀಟರ್. ಒಂದೂವರೆ ಪಟ್ಟು ಸುರಕ್ಷತೆ ಇಟ್ಟುಕೊಂಡರೂ ಐಎಸ್‌ಎಂಬಿ 150 (I ಆಕಾರದ, 150 ಮಿ.ಮೀ. ಎತ್ತರದ ಕಬ್ಬಿಣದ ತೊಲೆ) ಸಾಕು.

ಇಲ್ಲಿಗೇ ನಿಲ್ಲಿಸಬಾರದು. ಹಿಂದೊಮ್ಮೆ ಬೇರೆ ಮನೆಯಲ್ಲಿ ನಾನು ಬೆಂಡಿಂಗ್ ಮಾತ್ರ ನೋಡಿ ಬಿಟ್ಟಿದ್ದೆ. ತೊಲೆಗೆ ಏನೂ ಆಗಲಿಲ್ಲ. ಆದರೆ ಅದು ಜಗ್ಗಿ, ಕೆಳಗಿನ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಆ ಮನೆಯ ಅಜ್ಜಿ ಭುಜ ಕೊಟ್ಟು ಬಾಗಿಲು ತಳ್ಳುತ್ತಿದ್ದುದು ಇನ್ನೂ ಕಣ್ಣ ಮುಂದಿದೆ.

ಹಾಗಾಗಿ ಡಿಫ್ಲೆಕ್ಷನ್, ಅಂದರೆ ತೊಲೆ ಎಷ್ಟು ಜಗ್ಗುತ್ತದೆ ಅನ್ನುವ ಲೆಕ್ಕ ಹಾಕಿದೆ. ಐಎಸ್‌ಎಂಬಿ 150 ನಡುವಿನಲ್ಲಿ 17 ಮಿ.ಮೀ. ಜಗ್ಗುತ್ತದೆ. ಹಲಗೆ ನೆಲಕ್ಕೆ ನಾನು ಇಟ್ಟುಕೊಳ್ಳುವ ಮಿತಿ ಉದ್ದದ 300ನೇ ಒಂದು ಪಾಲು, ಇಲ್ಲಿ 13 ಮಿ.ಮೀ.

ವೆಲ್ಡರ್ ಹೇಳಿದ, "ಸಾರ್, 150ರದ್ದೇ ಎರಡು ಅಕ್ಕಪಕ್ಕ ಸೇರಿಸಿಬಿಡೋಣ." ಆಗ ಮೀಟರ್‌ಗೆ 30 ಕಿಲೋ ಕಬ್ಬಿಣ, ಜಗ್ಗುವುದು 8.6 ಮಿ.ಮೀ. ಅದೇ ಐಎಸ್‌ಎಂಬಿ 200 ಒಂದೇ ಹಾಕಿದರೆ ಮೀಟರ್‌ಗೆ 25 ಕಿಲೋ, ಜಗ್ಗುವುದು 5.6! ಕಬ್ಬಿಣ ಕಡಿಮೆ, ಬಿಗಿ ಜಾಸ್ತಿ. ತೊಲೆಯ ಎತ್ತರಕ್ಕೆ ಇರುವ ಶಕ್ತಿ ಅದು. ಹಲಗೆಯನ್ನು ಮಲಗಿಸಿ ತುಳಿದು ನೋಡಿ, ನಿಲ್ಲಿಸಿ ತುಳಿದು ನೋಡಿ, ಕಾಲಿಗೇ ಗೊತ್ತಾಗುತ್ತದೆ. ಜಾಸ್ತಿ ಗಟ್ಟಿ ಗ್ರೇಡಿನ ಕಬ್ಬಿಣ ತರೋಣವಾ ಅಂತ ಯಜಮಾನರ ಮಗ ಕೇಳಿದರು. ಅದರಿಂದ ಜಗ್ಗುವುದು ಒಂದು ಕೂದಲಿನಷ್ಟೂ ಕಡಿಮೆ ಆಗುವುದಿಲ್ಲ. ಎಲ್ಲ ಗ್ರೇಡಿಗೂ ಸ್ಥಿತಿಸ್ಥಾಪಕತೆ (ಹೊರೆಗೆ ಜಗ್ಗದೆ ನಿಲ್ಲುವ ಬಿಗಿ) ಒಂದೇ, ಸುಮಾರು 2 ಲಕ್ಷ ನ್ಯೂಟನ್ ಪ್ರತಿ ಚದರ ಮಿ.ಮೀ.ಗೆ.

175ರದ್ದೂ ಪಾಸಾಗುತ್ತಿತ್ತು, ಸುಮಾರು 10 ಮಿ.ಮೀ. ಆದರೂ 200 ಹಾಕಿಸಿದೆ. ಬೆಳೆ ಚೆನ್ನಾಗಿ ಬಂದ ವರ್ಷ ಮೂರನೇ ಸಾಲು ಏರೇ ಏರುತ್ತದೆ, ಅಲ್ವಾ?

ತೊಲೆಯ ತುದಿಗಳನ್ನು ಸುಮ್ನೆ ಗೋಡೆಯ ಮೇಲೆ ಕೂರಿಸಲಿಲ್ಲ, ಕೆಳಗೆ ಕಾಂಕ್ರೀಟ್ ಬ್ಲಾಕ್ ಹಾಕಿಸಿದೆ. ತೊಲೆ ಪಕ್ಕಕ್ಕೆ ಹೊರಳದಂತೆ ಹಲಗೆಯ ಅಡ್ಡಪಟ್ಟಿಗಳನ್ನು ಮೇಲಿನ ಫ್ಲಾಂಜಿಗೆ (ತೊಲೆಯ ಚಪ್ಪಟೆ ಪಟ್ಟಿಗೆ) ಬೋಲ್ಟ್ ಮಾಡಿಸಿದೆ.

ಚೀಲ ಏರಿಸುವ ಮೊದಲು ತೊಲೆಯ ಕೆಳಗೆ ಗೋಡೆಯಿಂದ ಗೋಡೆಗೆ ನೈಲಾನ್ ದಾರ ಬಿಗಿದೆ. ನಡುವಿನಲ್ಲಿ ದಾರಕ್ಕೂ ತೊಲೆಗೂ 20 ಮಿ.ಮೀ. ಸಂದು. ಎರಡು ಸಾಲು ತುಂಬಿದ ಮೇಲೆ ಅದೇ ಜಾಗದಲ್ಲಿ ಸ್ಕೇಲ್ ಹಿಡಿದೆ. 16 ಇತ್ತು.